ಊರೊಟ್ಟಿನ ಟೈರು

ನನ್ನ ದೊಡ್ಡಪ್ಪ ಎತ್ತಿನ ಲಾಳ ಸವೆದಿದ್ದರೆ ಬಂಡಿ ಕಟ್ಟುತ್ತಿರಲಿಲ್ಲ. ಸಂತೆಯಿರಲಿ, ನೆಂಟರ ಮದುವೆಯಿರಲಿ, ಎತ್ತಿನ ಕಾಲನ್ನು ಮಡಿಸಿ ಎತ್ತಿ, ಹೆಬ್ಬೆರಳಲ್ಲಿ ಲಾಳ ಸವರಿ, "ಊಹೂಂ, ಜಾರ್ತದೆ" ಅಂದನೆಂದರೆ ಮುಗಿಯಿತು. ಮನೆಯವರೆಲ್ಲ ನಡೆದೇ ಹೋಗಬೇಕು. ಎತ್ತು ಜಾರಿದರೆ ಕಾಲು ಮುರಿಯುತ್ತದೆ, ಕಾಲು ಮುರಿದ ಎತ್ತು ಯಾವ ಕೆಲಸಕ್ಕೂ ಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಮನುಷ್ಯ ಆಮೇಲೆ ಒಂದು ವ್ಯಾನು ತುಂಬ ಊರಿನ ಹೆಣ್ಣುಮಕ್ಕಳನ್ನು ನುಣ್ಣಗೆ ಸವೆದ ಟೈರಿನ ಮೇಲೆ ಕೂರಿಸಿ ದಿನಾ ಕಾರ್ಖಾನೆಗೆ ಕಳಿಸಿದ. ಅವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಎದುರಿಗಿದ್ದಾಗ ಮರ್ಯಾದೆ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ.

ನಮ್ಮೂರು ಕನಕಪುರ ತಾಲ್ಲೂಕು, ಮರಳವಾಡಿಯಿಂದ ಇನ್ನೂ ಒಳಕ್ಕೆ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ರಸ್ತೆ ಬದಿಯ ಹೊಲಗಳು ಕಾಂಪೌಂಡಿನ ಒಳಗೆ ಹೋದವು. ಅದರ ದುಡ್ಡು ಕೈಗೆ ಬಂದಾಗ ಊರಿನವರು ಎತ್ತು ಮಾರಿ ವ್ಯಾನು ತಂದರು. ನಮ್ಮೂರಿನದು ಒಬ್ಬ ರೇಷ್ಮೆಹುಳು ಮೇಯಿಸಿದರೆ ಊರಿಗೆ ಊರೇ ಮೇಯಿಸುವ ಜನ. ವ್ಯಾನೂ ಹಾಗೇ ಆಯಿತು. ಮೊದಲು ತಂದವನು ಯಾವ ಕಂಪನಿಯದು ತಂದನೋ ಉಳಿದವರೂ ಅದನ್ನೇ ತಂದರು. ಬಣ್ಣವೂ ಅದೇ, ಬಿಳಿ. ಎತ್ತು ಕಟ್ಟುತ್ತಿದ್ದ ಗೂಟದ ಪಕ್ಕ ವ್ಯಾನುಗಳು ನಿಂತವು. ಹೊಲ ಕಳೆದುಕೊಂಡವರ ಹೆಣ್ಣುಮಕ್ಕಳು ಕಾರ್ಖಾನೆಗೆ ಕೂಲಿಗೆ ಹೊರಟರು, ಅದೇ ಹೊಲದ ದುಡ್ಡಿನ ವ್ಯಾನು ಅವರನ್ನು ಸಾಗಿಸಿತು. ಅಭಿವೃದ್ಧಿ ಎಂದರೆ ಇದೇ ಎಂದು ನಮ್ಮೂರಿಗೆ ಬಂದು ಭಾಷಣ ಮಾಡಿದವರೂ ಇದ್ದಾರೆ.

ನಮ್ಮದು ಒಟ್ಟು ಕುಟುಂಬ. ವ್ಯಾನು ದೊಡ್ಡಪ್ಪನ ಹೆಸರಲ್ಲಿ, ಸ್ಟೀರಿಂಗು ಅವನ ತಮ್ಮನಾದ ನನ್ನ ಅಪ್ಪನ ಕೈಯಲ್ಲಿ. ಅಪ್ಪ ಮಾತು ಕಡಿಮೆಯ ಮನುಷ್ಯ, ಅಣ್ಣನ ಎದುರು ಕುರ್ಚಿಯಲ್ಲಿ ಕೂತವನಲ್ಲ. ಆದರೆ ಗಾಡಿಯ ವಿಷಯ ಬಂದರೆ ಅವನ ಬಾಯಿ ಬಿಚ್ಚುತ್ತಿತ್ತು. ಬೆಳಗಿನ ಶಿಫ್ಟಿಗೆ ಹೊರಡುವ ಮುಂಚೆ ಗಾಡಿಯನ್ನು ಒಂದು ಸುತ್ತು ಬರುತ್ತಿದ್ದ. ನಾನು ಪಿಯುಸಿಗೆ ಕನಕಪುರಕ್ಕೆ ಹೋಗುತ್ತಿದ್ದೆ. ಮುಖ್ಯರಸ್ತೆಯ ಬಸ್‌ಸ್ಟಾಪಿನವರೆಗೆ ಅದೇ ವ್ಯಾನಿನಲ್ಲಿ ಹೋಗುವವಳಾದ್ದರಿಂದ ಅವನ ಹಿಂದೆಯೇ ಸುತ್ತುತ್ತಿದ್ದೆ. ಮೊದಲು ಗಾಡಿ ನಿಂತ ನೆಲ ನೋಡುವುದು: ಕಪ್ಪು ಕಲೆ ಬಿದ್ದಿದ್ದರೆ ಇಂಜಿನ್ ಆಯಿಲ್ ಸೋರಿದೆ, ಚಕ್ರದ ಒಳಮಗ್ಗುಲು ಒದ್ದೆಯಾಗಿದ್ದರೆ ಬ್ರೇಕ್ ಆಯಿಲ್, ಬರೀ ನೀರಾದರೆ ರೇಡಿಯೇಟರ್. ಆಮೇಲೆ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ಹಳೆ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವುದು. ಇಂಜಿನ್ ಚಾಲೂ ಮಾಡಿ ಹಿಂದೆ ಬಂದು ಹೊಗೆ ನೋಡುವುದು. ಹೊಗೆ ಕರ್ರಗಿದ್ದರೆ ಗಾಳಿಯ ಫಿಲ್ಟರ್ ಕಟ್ಟಿಕೊಂಡಿದೆ, ನೀಲಿಯಾಗಿದ್ದರೆ ಇಂಜಿನ್ ಒಳಗೆ ಆಯಿಲ್ ಸುಡುತ್ತಿದೆ. ಬ್ರೇಕ್ ಒತ್ತಿದಾಗ ಕಾಲಿಗೆ ಮೆತ್ತಗೆ ಸಿಕ್ಕರೆ ಪೈಪಿನೊಳಗೆ ಗಾಳಿ ಸೇರಿದೆ, ಕಿರ್ರೆಂದರೆ ಬ್ರೇಕ್ ಶೂ ಸವೆದಿದೆ.

ಕೊನೆಗೆ ಟೈರು. ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು ಟೈರಿನ ಗೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತಿದ್ದ. ಕಡ್ಡಿಯ ಮದ್ದು ಗೀರಿನಲ್ಲಿ ಪೂರ್ತಿ ಮುಳುಗಿದರೆ ಟೈರು ಇನ್ನೂ ಬಾಳುತ್ತದೆ. ಮುಳುಗದಿದ್ದರೆ ಮಳೆಯಲ್ಲಿ ನಂಬಬಾರದು.

"ಗೀರು ಯಾಕೈತೆ ಏಳು? ಚೆಂದಕ್ಕಲ್ಲ. ಮಳೆನೀರು ಆ ಸಂದಿಲಿ ಆಚ್ಗೆ ಓಗ್ಲಿ ಅಂತ. ಗೀರಿಲ್ದಿದ್ರೆ ಟೈರು ನೀರ್ ಮೇಲೆ ತೇಲ್ತದೆ. ಆಗ ಬ್ರೇಕು ತುಳುದ್ರೂ ಒಂದೇ, ಬುಟ್ರೂ ಒಂದೇ," ಅನ್ನುತ್ತಿದ್ದ ಅಪ್ಪ. "ಗಾಡಿ ಎಲ್ಲಾನೂ ಮೊದ್ಲೇ ಏಳ್ತದೆ ಕಣವ್ವ. ಕೇಳುಸ್ಕಳೋರು ಬೇಕು ಅಷ್ಟೆ."

ನಮ್ಮ ವ್ಯಾನಿನ ಟೈರಿಗೆ ಬೆಂಕಿಕಡ್ಡಿ ನಿಲ್ಲುವುದನ್ನು ಬಿಟ್ಟು ಬಹಳ ದಿನವಾಗಿತ್ತು. ನಿಲ್ಲಲು ಗೀರೇ ಇರಲಿಲ್ಲ. ಆದರೂ ಅಪ್ಪ ಕಡ್ಡಿ ತೆಗೆದು ನೋಡುತ್ತಿದ್ದ.

ಹಾಗಾದರೆ ಈ ಗಾಡಿ ಎಫ್‌ಸಿಯಲ್ಲಿ ಪಾಸಾಗುತ್ತಿದ್ದದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ಬಾಡಿಗೆ ಗಾಡಿಯನ್ನು ವರ್ಷಕ್ಕೊಮ್ಮೆ ರಾಮನಗರಕ್ಕೆ ಒಯ್ದು ತೋರಿಸಿ, ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂದು ಬರೆಸಿಕೊಂಡು ಬರಬೇಕು, ಅದೇ ಎಫ್‌ಸಿ. ಮೊದಲ ಸಲ ನಮ್ಮೂರಿನ ಒಬ್ಬನ ವ್ಯಾನನ್ನು, ಟೈರು ಸರಿಯಿಲ್ಲ, ಬದಲಾಯಿಸಿ ತಾ ಎಂದು ವಾಪಸು ಕಳಿಸಿದರು. ಕಳಿಸಿದ್ದು ನ್ಯಾಯವೇ. ಅವತ್ತು ಸಂಜೆ ವ್ಯಾನಿನ ಯಜಮಾನರೆಲ್ಲ ಅರಳಿಕಟ್ಟೆಯಲ್ಲಿ ಕೂತರು. ದೊಡ್ಡಪ್ಪನ ತಲೆಗೆ ಆಗ ಹೊಳೆದ ಉಪಾಯಕ್ಕೆ ಊರೇ ತಲೆದೂಗಿತು.

"ಮದ್ವೆಗೆ ಮನೆಮನೆಗೂ ಕೊಳಗ, ಹಂಡೆ ಮಡಿಕಂಡಿದ್ದೀವಾ? ಊರೊಟ್ಟಿನ ಪಾತ್ರೆ ಇಲ್ವಾ? ಅಂಗೇ ನಾಕು ಟೈರಿಂದು ಒಂದು ಸೆಟ್ಟು ಮಡಿಕಳನ. ಯಾರ ಗಾಡಿಗೆ ಎಫ್‌ಸಿ ಬತ್ತದೋ ಅವ್ರು ಹಾಕಂಡೋಗಿ, ತಂದು ತೊಳ್ದು ವಾಪಸ್ ಮಡಗಾದು."

ನಮ್ಮ ಕಡೆ ಊರೊಟ್ಟಿನ ಪಾತ್ರೆ ಎಂದರೆ ಬಹಳ ದೊಡ್ಡ ಮಾತು. ಯಾರ ಮನೆ ಮದುವೆಯಾದರೂ ಅದೇ ಹಂಡೆ, ಅದೇ ಕೊಳಗ. ಬಳಸಿದವರು ಬೆಳಗಿ, ಎಣಿಸಿ, ಇಟ್ಟ ಜಾಗಕ್ಕೇ ಇಡಬೇಕು. ಅದರಲ್ಲಿ ಒಂದು ಸೌಟು ಕಳೆದರೂ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಇಷ್ಟು ಒಳ್ಳೆಯ ಪದ್ಧತಿಯನ್ನು ಇಷ್ಟು ಹಾಳು ಕೆಲಸಕ್ಕೆ ಹಚ್ಚಲು ನಮ್ಮವರಿಗೇ ಸಾಧ್ಯ. ಎಲ್ಲರೂ ಸೇರಿ ದುಡ್ಡು ಹಾಕಿ, ಡಿಸ್ಕ್ ಸಮೇತ ನಾಲ್ಕು ಹೊಸ ಟೈರು ತಂದರು. ಎಲ್ಲ ವ್ಯಾನೂ ಒಂದೇ ತೆರನಾದ್ದರಿಂದ ಎಲ್ಲದಕ್ಕೂ ಕೂರುತ್ತಿತ್ತು. ನಮ್ಮ ಮನೆಯ ಅಟ್ಟದ ಮೇಲೆ, ರಾಗಿ ಮೂಟೆಗಳ ಪಕ್ಕ, ಗೋಣಿತಾಟು ಹೊದಿಸಿ ಇಟ್ಟರು. ಆಯುಧ ಪೂಜೆಗೆ ಅವಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ರಾಮನಗರಕ್ಕೆ ಹೋಗಿ ಬರುವ ದಾರಿಯೊಂದು ಬಿಟ್ಟರೆ ನೆಲ ಕಾಣದ ಟೈರು ಅವು. ವರ್ಷಗಟ್ಟಲೆ ಹೊಸತಾಗಿಯೇ ಇದ್ದವು. ನೋಡುವ ಅಧಿಕಾರಿಗಳು ನೋಡಿ, ಕಂಡದ್ದನ್ನು ಬರೆದು ಕಳಿಸುತ್ತಿದ್ದರು. ಊರಿಗೆ ಬಂದ ಕೂಡಲೇ ಜಾಕಿ ಏರಿಸಿ ಬೋಳು ಟೈರು ಹಾಕಿ, ಮಾರನೆಯ ಬೆಳಿಗ್ಗೆ ಹೆಣ್ಣುಮಕ್ಕಳನ್ನು ಹತ್ತಿಸುತ್ತಿದ್ದರು.

ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ನನ್ನ ಜೊತೆ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಪಕ್ಕದ ಬೀದಿಯ ಹುಡುಗಿ. ಗಣಿತ ಕೈಕೊಟ್ಟು ಗಾರ್ಮೆಂಟ್ಸ್‌ಗೆ ಸೇರಿದ್ದಳು, ಅಂಗಿಗೆ ಕಾಲರ್ ಹಚ್ಚುವ ಕೆಲಸ. ಅವಳ ಅಪ್ಪನಿಗೂ ಒಂದು ವ್ಯಾನಿತ್ತು, ಆದರೆ ಅದು ಬಿಡದಿ ಕಡೆ ಹೋಗುತ್ತಿತ್ತು. ಹಾಗಾಗಿ ಇವಳು ನಮ್ಮ ವ್ಯಾನಿಗೆ ಬರುತ್ತಿದ್ದಳು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆಂದು ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕವೇ ಕೂರುವಳು. ಬಾಯಿ ಬಹಳ ಜೋರು. ಅಪ್ಪನನ್ನು ಮಾವ ಎಂದು ಕರೆಯುತ್ತ, ಸುಮ್ಮನಿರದೆ ಕೆಣಕುತ್ತಿದ್ದಳು.

"ಮಾವ, ಒಸಿ ಜೋರಾಗ್ ಓಡ್ಸು. ನಮ್ಮಜ್ಜಿ ಕೋಲೂರ್ಕಂಡು ನಮ್ಮುನ್ನ ಸೈಡ್ ಹೊಡ್ದು ಓಯ್ತಾ ಐತೆ."

"ಈ ಟೈರ್‌ಗೆ ಇಷ್ಟೇ ಕಣವ್ವ ಸ್ಪೀಡು," ಅನ್ನುತ್ತಿದ್ದ ಅಪ್ಪ. ವ್ಯಾನೆಲ್ಲ ನಗುತ್ತಿತ್ತು. ಅಪ್ಪ ಹೇಳಿದ್ದು ತಮಾಷೆಗಲ್ಲ ಎಂದು ತಿಳಿದಿದ್ದವಳು ನಾನೊಬ್ಬಳೇ.

ಮುಂಗಾರು ಹತ್ತಿರ ಬಂದಾಗ ಅಪ್ಪ ದೊಡ್ಡಪ್ಪನನ್ನು ಕೇಳಿದ. ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಅವರ ಎದುರು ಕೇಳಿದ್ದೇ ತಪ್ಪಾಯಿತು.

"ಅಣ್ಣ, ಮಳೆ ಹಿಡ್ಕಳಾ ಮೊದ್ಲು ಟೈರು ಹಾಕ್ಸುಬುಡನ. ಬ್ಯಾರೆ ಏನೂ ಬ್ಯಾಡ. ಇಲ್ದಿದ್ರೆ ಅಟ್ಟದ ಮೇಲಿರಾವ್ನಾದ್ರೂ ಈ ಮಳೆಗಾಲ ಹಾಕಳನ."

"ಅಟ್ಟದ ಮೇಲಿರಾವು ಊರೊಟ್ಟಿನವು ಕಣ್ಲಾ. ದಿನಾ ಉಣ್ಣಾಕೆ ಊರೊಟ್ಟಿನ ಹಂಡೆಲಿ ಮುದ್ದೆ ಮಾಡ್ತಾರಾ?"

"ಬೋಳಾಗ್ಬುಟ್ಟವೆ ಅಣ್ಣ."

ದೊಡ್ಡಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ತನ್ನ ಬೋಳು ತಲೆ ತೋರಿಸಿದ. "ಇದೂ ಬೋಳಾಗಿ ಎಷ್ಟೋ ವರ್ಸ ಆಯ್ತು. ನಾನೇನ್ ಜಾರ್ ಬಿದ್ನಾ? ಬೋಳಾಗಿರಾದು ಟೈರಲ್ಲ ಕಣ್ಲಾ, ನಿನ್ ಗುಂಡಿಗೆ. ಮುಂದಲ್ವು ಹಿಂದಕ್ಕಾಕು, ಹಿಂದಲ್ವು ಮುಂದಕ್ಕಾಕು, ಓಡ್ಸು. ಆಗಾಕಿಲ್ಲ ಅಂದ್ರೆ ಏಳು, ಬ್ಯಾರೆ ಡ್ರೈವರ್ ನೋಡ್ತೀನಿ."

ಜಗಲಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ. ಅಣ್ಣ ಹೊಡೆದರೂ ನಗುತ್ತಿದ್ದ, ಅವನು ಬೆಳೆದದ್ದೇ ಹಾಗೆ. ನನಗೆ ಆ ನಗು ಈಗಲೂ ಹೊಟ್ಟೆ ಉರಿಸುತ್ತದೆ. ಅವತ್ತು ಮಧ್ಯಾಹ್ನವೇ ಮುಂದಿನ ಬೋಳು ಟೈರುಗಳನ್ನು ಹಿಂದಕ್ಕೂ ಹಿಂದಿನ ಬೋಳು ಟೈರುಗಳನ್ನು ಮುಂದಕ್ಕೂ ಹಾಕಿ ಅಪ್ಪ ಅಣ್ಣನ ಮಾತು ನಡೆಸಿದ.

ಮೊದಲ ಮಳೆ ಬಿದ್ದ ಬೆಳಿಗ್ಗೆ ನನಗೆ ರಜೆ, ನಾನು ವ್ಯಾನಿನಲ್ಲಿರಲಿಲ್ಲ. ಬೇಸಿಗೆಯೆಲ್ಲ ರಸ್ತೆಗೆ ಬಿದ್ದ ಧೂಳು, ಆಯಿಲ್ಲು ಮೊದಲ ಮಳೆಗೆ ಕಲಸಿ ಸೋಪಿನ ನೊರೆಯ ಹಾಗಾಗಿರುತ್ತದೆ. ಕೆರೆ ಏರಿ ಇಳಿದು ತಿರುಗುವಲ್ಲಿ ಎದುರಿಗೆ ಹಾಲಿನ ಟೆಂಪೊ ಬಂತು. ಅಪ್ಪ ಬ್ರೇಕ್ ತುಳಿದ. ಗಾಡಿ ನಿಲ್ಲಲಿಲ್ಲ, ಅಡ್ಡಡ್ಡ ಜಾರಿಕೊಂಡು ಹೋಗಿ ರಸ್ತೆ ಬದಿಯ ಹುಣಸೆಮರಕ್ಕೆ ಎಡಮೂತಿ ಗುದ್ದಿ ನಿಂತಿತು. ಹಿಂದೆ ಕೂತ ಹುಡುಗಿಯರ ಹಲ್ಲು, ಕೈ, ಮೂಗು ಮುರಿದವು. ಅಪ್ಪನ ಬಲತೊಡೆ ಮುರಿಯಿತು. ಪಕ್ಕದ ಸೀಟಿನಲ್ಲಿದ್ದ ಹುಡುಗಿ ಅಲ್ಲೇ ತೀರಿಕೊಂಡಳು.

ಅಪ್ಪನನ್ನು ಕನಕಪುರದ ಆಸ್ಪತ್ರೆಗೆ ಸೇರಿಸಿದರು. ಅವ್ವನೂ ನಾನೂ ಹೋದೆವು. ಮಧ್ಯಾಹ್ನದ ಮೇಲೆ ಅಪ್ಪನಿಗೆ ಬಟ್ಟೆ, ಹೊದಿಕೆ ತರಲೆಂದು ನನ್ನನ್ನು ಊರಿಗೆ ಕಳಿಸಿದರು. ಆ ಹೊತ್ತಿಗೆ ಹುಡುಗಿಯ ಹೆಣ ಊರಿಗೆ ಬಂದು, ಊರೆಲ್ಲ ಮಣ್ಣಿಗೆ ಹೋಗಿತ್ತು. ಬಸ್ಸು ಕೆರೆ ಏರಿ ದಾಟಿದಾಗ ಕಿಟಕಿಯಲ್ಲಿ ಹುಣಸೆಮರ ಕಂಡಿತು, ವ್ಯಾನು ಕಂಡಿತು. ವ್ಯಾನಿನ ಕೆಳಗೆ ಜಾಕಿ ಇತ್ತು. ದೊಡ್ಡಪ್ಪ ಟವೆಲ್ ಸುತ್ತಿಕೊಂಡು ರಸ್ತೆಯ ಆಚೆ ಈಚೆ ನೋಡುತ್ತ ನಿಂತಿದ್ದ. ಊರಿನ ಬೇರೆ ವ್ಯಾನುಗಳ ಯಜಮಾನರಿಬ್ಬರು ಸ್ಪ್ಯಾನರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಪೊಲೀಸರು ಗಾಡಿ ಕಾಯಲು ಬಿಟ್ಟಿದ್ದವನೂ ನಮ್ಮೂರಿನವನೇ. ಅವನು ಬೀಡಿ ಸೇದುತ್ತ ಬೆನ್ನು ತಿರುಗಿಸಿದ್ದ. ಹುಲ್ಲಿನ ಮೇಲೆ ಊರೊಟ್ಟಿನ ಟೈರುಗಳು ಮಲಗಿದ್ದವು. ಸೇವಂತಿಗೆ ಒಂದೇ ಕಡಿಮೆ.

ಎಲ್ಲರೂ ಹುಡುಗಿಯನ್ನು ಮಣ್ಣು ಮಾಡುವ ಹೊತ್ತನ್ನೇ ಅವರು ಆರಿಸಿಕೊಂಡಿದ್ದರು. ರಸ್ತೆ ಖಾಲಿ ಇರುತ್ತದಲ್ಲ.

ಮಾರನೆಯ ಬೆಳಿಗ್ಗೆ, ಅಪಘಾತವಾದ ಗಾಡಿ ಪರೀಕ್ಷಿಸುವ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡಿದರು. ಬ್ರೇಕ್ ಸರಿ ಇದೆ, ಸ್ಟೀರಿಂಗ್ ಸರಿ ಇದೆ, ಟೈರು ಹೊಸದರಂತಿವೆ. ಗಾಡಿಯಲ್ಲಿ ದೋಷವಿಲ್ಲ. ಅವರು ಕಂಡದ್ದನ್ನು ಬರೆದರು. ಗಾಡಿಯಲ್ಲಿ ದೋಷವಿಲ್ಲದಿದ್ದರೆ ದೋಷ ಯಾರಲ್ಲಿ ಉಳಿಯುತ್ತದೆ ಎಂದು ಹೇಳಲು ಓದು ಬರಹ ಬೇಕಿಲ್ಲ. ಅಪ್ಪನ ಮೇಲೆ ಕೇಸಾಯಿತು.

ದೊಡ್ಡಪ್ಪ ಮೂಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಅಪ್ಪನ ಹಾಸಿಗೆಯ ಪಕ್ಕ ಕೂತು, ತಲೆ ಸವರಿ, ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿದ. ಜೀವನದಲ್ಲಿ ಮೊದಲ ಸಲ ತಮ್ಮನ ತಲೆ ಸವರಿದ್ದು.

"ನೋಡ್ಲಾ, ಟೈರ್ ಇಸ್ಯ ಆಚ್ಗೆ ಬಂದ್ರೆ ಇನ್ಶೂರೆನ್ಸ್‌ನೋರು ಕೈ ಎತ್ಬುಡ್ತಾರೆ. ಆ ಮಗೀನ ಅಪ್ಪ ಅವ್ವಂಗೆ ಮೂರ್ ಕಾಸೂ ಸಿಕ್ಕಾಕಿಲ್ಲ. ಮಗೀನೂ ಓಯ್ತು, ಅದೂ ಓಯ್ತು ಅಂದ್ರೆ ಅವ್ರು ಏನಾಗ್ಬೇಕು? ನೀನೇ ಯೋಚ್ನೆ ಮಾಡು. ಒಸಿ ಮಂಪರು ಬಂದಂಗಾಯ್ತು ಅಂದ್ಬುಡು. ನಿದ್ದೆ ಯಾರ್ಗೂ ಬತ್ತದೆ. ಲಾಯರ್ರು ನಾನ್ ನೋಡ್ಕತೀನಿ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕೇಳಿದ್ದೆ. ತಳ್ಳಿದ ಮೇಲೆ ಅದೇ ಮಗುವಿನ ಹೆಸರು ಹೇಳಿ ಇನ್ನೊಬ್ಬನನ್ನೂ ಬಾವಿಗೆ ಇಳಿಸುವವನನ್ನು ಅವತ್ತೇ ನೋಡಿದ್ದು. ನಾನು ಬಾಯಿಬಿಟ್ಟೆ. "ಅಪ್ಪ, ಟೈರು ಬದಲಾಯ್ಸಿದ್ದನ್ನ ನಾನ್ ಕಂಡಿವ್ನಿ. ಬಸ್ಸಲ್ಲಿ ಬತ್ತಾ ಕಂಡೆ." ದೊಡ್ಡಪ್ಪ ನನ್ನ ಕಡೆ ನೋಡಲೂ ಇಲ್ಲ. ಅಪ್ಪನನ್ನೇ ನೋಡುತ್ತಿದ್ದ. ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಅಪ್ಪ ಗೋಡೆ ಕಡೆ ಮುಖ ಮಾಡಿ, "ಆಗ್ಲಿ ಅಣ್ಣ," ಅಂದ.

ಹಾಗೆ ನನ್ನ ಅಪ್ಪ, ಊರೆಲ್ಲ ಬೆಳಿಗ್ಗೆ ಏಳುವ ಮೊದಲೇ ಎದ್ದು ಗಾಡಿಯ ಹೊಗೆ ನೋಡುತ್ತಿದ್ದವನು, ಸ್ಟೀರಿಂಗ್ ಹಿಡಿದು ನಿದ್ದೆ ಮಾಡಿ ಹುಡುಗಿಯನ್ನು ಕೊಂದವನಾದ.

ಕಾಲಿಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅವನನ್ನು ಜಗಲಿಯ ಮೇಲೆ ಮಂಚ ಹಾಕಿ ಮಲಗಿಸಿದೆವು, ಒಳಗೆ ಗಾಳಿ ಸಾಲದೆಂದು. ಅದು ಅವನಿಗೆ ಶಿಕ್ಷೆಯಾಯಿತು. ನಲ್ಲಿಯ ಹತ್ತಿರ ಹೆಂಗಸರು ಅವ್ವನ ಬಿಂದಿಗೆಯನ್ನು ಸಾಲಿನಿಂದ ಆಚೆ ಇಟ್ಟರು. "ಮನ್ಗಾಕೆ ಮನೇಲಿ ಜಾಗ ಇರ್ಲಿಲ್ವಾ ನಿನ್ ಗಂಡಂಗೆ?" ಎಂದು ಒಬ್ಬಳು ಕೇಳಿದಳು. ಅವಳ ಗಂಡ ಸ್ಪ್ಯಾನರ್ ಹಿಡಿದು ಕೂತವರಲ್ಲಿ ಒಬ್ಬ.

ಹುಡುಗಿಯ ಅವ್ವ ಬೈಯಲಿಲ್ಲ. ದಿನಾ ಬೆಳಿಗ್ಗೆ, ಮಗಳು ವ್ಯಾನಿಗೆ ಬಂದು ನಿಲ್ಲುತ್ತಿದ್ದ ಹೊತ್ತಿಗೆ, ನಮ್ಮ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದಳು. ತಲೆ ಮೇಲೆ ಸೆರಗು ಹೊದ್ದುಕೊಂಡು, ಮರ್ಯಾದೆಯಿಂದಲೇ ಕೇಳುತ್ತಿದ್ದಳು.

"ನಿದ್ದೆ ಚೆಂದಾಗಾಯ್ತಾ ಅಣ್ಣ?"

ಅಷ್ಟೇ. ಕೇಳಿ ಹೊರಟು ಹೋಗುತ್ತಿದ್ದಳು. ಅಪ್ಪ ತಲೆಯ ಮೇಲೆ ಹೊದಿಕೆ ಎಳೆದುಕೊಳ್ಳುತ್ತಿದ್ದ. ಆ ಪ್ರಶ್ನೆ ಶುರುವಾದ ಮೇಲೆ ಅವನು ರಾತ್ರಿ ಕಣ್ಣು ಮುಚ್ಚಲಿಲ್ಲ. ದೊಡ್ಡಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಕಾಫಿ ಕುಡಿಯುತ್ತ ಕೂತಿರುತ್ತಿದ್ದ. ಒಂದು ದಿನವೂ ಅವನ ಲೋಟ ಅಲುಗಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು. ಮಗಳನ್ನು ಕಳೆದುಕೊಂಡವಳು ಸುಳ್ಳನ್ನು ನಂಬಿ ನನ್ನ ಅಪ್ಪನನ್ನು ದಿನಾ ಒಂದಿಷ್ಟು ಕೊಲ್ಲುತ್ತಿದ್ದಳು, ಕೊಲ್ಲಬೇಕಾದವನು ಮಾರು ದೂರದಲ್ಲೇ ಕೂತಿದ್ದ.

ಅಪ್ಪನನ್ನು ಉಳಿಸಲು ಒಬ್ಬನಿಂದ ಮಾತ್ರ ಸಾಧ್ಯವಿತ್ತು: ಆ ಹುಡುಗಿಯ ಅಪ್ಪ. ನನ್ನ ಮಾತನ್ನು ಯಾರು ಕೇಳುತ್ತಾರೆ? ಅಪ್ಪನ ಮಗಳು, ಅಪ್ಪನ ಪರವಾಗಿಯೇ ಹೇಳುತ್ತಾಳೆ ಅನ್ನುತ್ತಾರೆ. ಅವನು ಹೋಗಿ, ನನ್ನ ಮಗಳು ಸತ್ತದ್ದು ಡ್ರೈವರಿನ ನಿದ್ದೆಯಿಂದಲ್ಲ, ಬೋಳು ಟೈರಿನಿಂದ, ಆ ಟೈರನ್ನು ಬದಲಾಯಿಸಿದ್ದಾರೆ ಎಂದರೆ ಪೊಲೀಸರು ಕೇಳಲೇಬೇಕು. ಸತ್ತ ಮಗಳ ತಂದೆಯ ಬಾಯಿ ಮುಚ್ಚಿಸುವ ಗಂಡಸು ಊರಿನಲ್ಲಿ ಇರಲಿಲ್ಲ.

ಒಂದು ಸಂಜೆ ಅವನ ಮನೆಗೆ ಹೋದೆ. ವ್ಯಾನು ತೊಳೆಯುತ್ತಿದ್ದ. ಅವನ ಹೆಂಡತಿ ಒಳಗಿದ್ದಳು.

"ಮಾವ, ನಮ್ಮಪ್ಪ ನಿದ್ದೆ ಮಾಡ್ಲಿಲ್ಲ. ಟೈರು ಜಾರ್ತು. ಮಣ್ಣಿನ ದಿನ ಮಧ್ಯಾಹ್ನ ದೊಡ್ಡಪ್ಪ ಬೋಳು ಟೈರು ಬಿಚ್ಚಿ ಅಟ್ಟದ ಮೇಲಿನವ್ನ ಹಾಕ್ಸುದ್ರು. ನಾನೇ ಕಂಡೆ."

ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದವನ ಕೈ ನಿಂತಿತು.

"ಯಾರ್ಯಾರಿದ್ರು?"

ಹೇಳಿದೆ. ಅವನು ಬಟ್ಟೆ ಹಿಂಡಿ ಮುಗಿಸಿ, ಬಾನೆಟ್ಟಿನ ಮೇಲೆ ಒಣಹಾಕಿದ. ಕಣ್ಣು ಕೆಂಪಾಗಿದ್ದವು. "ಆಯ್ತು, ಓಗವ್ವ. ನಾನ್ ಬತ್ತೀನಿ," ಅಂದ. ಮನೆಗೆ ನಾನು ನಡೆದು ಬರಲಿಲ್ಲ, ಓಡಿ ಬಂದೆ. ಅಪ್ಪ ಉಳಿದ ಅಂದುಕೊಂಡೆ.

ಅವನು ಬಂದದ್ದು ಆ ವಾರದ ಕೊನೆಯಲ್ಲಿ, ಬೆಳಿಗ್ಗೆ, ಜೊತೆಗೆ ಇಬ್ಬರನ್ನು ಕರೆದುಕೊಂಡು. ಅಂಗಳದಲ್ಲಿ ಅವರನ್ನು ಕಂಡ ಕೂಡಲೇ ದೊಡ್ಡಪ್ಪ ಎದ್ದು ನಿಂತ. ಟವೆಲ್ ಹೆಗಲಿನಿಂದ ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ. ದೊಡ್ಡಮ್ಮ ಬಾಗಿಲ ಹಿಂದೆ ಸರಿದಳು. ಅಪ್ಪ ಮಂಚದ ಮೇಲೆ ಮೊಣಕೈ ಊರಿ ಅರ್ಧ ಎದ್ದ. ದೊಡ್ಡಪ್ಪನ ಮುಖದಲ್ಲಿ ನಾನು ಭಯ ಕಂಡದ್ದು ಅದೊಂದೇ ಸಲ. ಅದನ್ನು ಕಣ್ತುಂಬ ನೋಡಿದೆ. ಅವನು ಬಂದು ಕೊರಳಪಟ್ಟಿ ಹಿಡಿಯಲಿ, ಅಂಗಳದಲ್ಲಿ ಕೆಡವಿ ತುಳಿಯಲಿ ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಅವನು ಚಪ್ಪಲಿ ಬಿಟ್ಟು ಮೆಟ್ಟಿಲ ಹತ್ತಿರ ಬಂದು ನಿಂತ.

"ಸೋಮ್ವಾರ ನಮ್ ಗಾಡಿ ಎಫ್‌ಸಿ ಐತೆ," ಅಂದ. "ಟೈರು ಬೇಕಾಗಿತ್ತು."

ದೊಡ್ಡಪ್ಪ ಉಸಿರು ಬಿಟ್ಟದ್ದು ನನಗೆ ಬಾಗಿಲವರೆಗೂ ಕೇಳಿಸಿತು. ಪೊಲೀಸರು ಗಾಡಿ ಬಿಟ್ಟುಕೊಟ್ಟ ದಿನವೇ ಆ ಟೈರುಗಳನ್ನು ಬಿಚ್ಚಿ ತಂದು, ಪದ್ಧತಿಯ ಪ್ರಕಾರ ತೊಳೆದು, ಅಟ್ಟ ಸೇರಿಸಿಯಾಗಿತ್ತು. "ಅಯ್ಯೋ, ಅದ್ಕೇನು, ಊರೊಟ್ಟಿನವು. ನಂಗಿಂತ ನಿಂಗೇ ಹಕ್ಕು ಜಾಸ್ತಿ. ಕೂತ್ಕ, ಕಾಫಿ ಕುಡಿ," ಎಂದು, ಕಾಫಿ ತರಲು ಒಳಗೆ ಕೂಗಿದ. ಹುಡುಗಿಯ ಅಪ್ಪ ಕೂತು ಕಾಫಿ ಕುಡಿದ. ಜೊತೆಗೆ ಬಂದವರು ಅಟ್ಟ ಹತ್ತಿ ಟೈರು ಇಳಿಸಿದರು. ನಾನು ಅಲ್ಲೇ ನಿಂತಿದ್ದೆ, ನನ್ನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವನ ವ್ಯಾನಿನ ಟೈರೂ ಬೋಳೇ. ಅವನ ವ್ಯಾನಿನಲ್ಲೂ ಯಾರದೋ ಹೆಣ್ಣುಮಕ್ಕಳು ಕೂರುತ್ತಿದ್ದರು. ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಬಾಯಿಬಿಟ್ಟರೆ ಅಟ್ಟ ಖಾಲಿಯಾಗುತ್ತದೆ, ಅಟ್ಟ ಖಾಲಿಯಾದರೆ ಊರಿನ ಒಂದು ವ್ಯಾನೂ ರಾಮನಗರದಿಂದ ಪಾಸಾಗಿ ಬರುವುದಿಲ್ಲ.

ಹೊರಡುವಾಗ ಅವನು ಅಪ್ಪನ ಮಂಚದ ಹತ್ತಿರ ನಿಂತ. ದೊಡ್ಡಪ್ಪನಿಗೆ ಕೇಳಿಸದ ಹಾಗೆ ಬಗ್ಗಿ ಮಾತಾಡಿದ. ನಾನು ಹತ್ತಿರವೇ ಇದ್ದುದರಿಂದ ನನಗೆ ಕೇಳಿಸಿತು.

"ನೀನು ನಿದ್ದೆ ಮಾಡ್ಲಿಲ್ಲ ಅಂತ ನಂಗೊತ್ತು ಭಾವ. ನಮ್ಮನೆಯವ್ಳಿಗೆ ಏಳ್ಬ್ಯಾಡ. ಬೈಯಾಕೆ ಅವ್ಳಿಗೆ ನೀನೊಬ್ಬ ಇದ್ದೀಯ. ಅದೂ ಇಲ್ದಿದ್ರೆ ನನ್ ಟೈರ್ ನೋಡ್ತಾಳೆ."

ಅಪ್ಪ ತಲೆಯಾಡಿಸಿದ. ಅವರು ಟೈರುಗಳನ್ನು ಉರುಳಿಸಿಕೊಂಡು ಹೋದರು. ಕೇಸು ಆಮೇಲೆ ಕೋರ್ಟಿನಲ್ಲಿ ಬಹಳ ಕಾಲ ನಡೆಯಿತು, ನಡೆಯದಿದ್ದರೂ ಆಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹುಡುಗಿಯ ಅವ್ವ ಎಂದಿನ ಹೊತ್ತಿಗೆ ಬಂದು ನಿಂತಳು. ನಾನು ಒಳಗಿನಿಂದ ಓಡಿ ಬಂದೆ, ಇವತ್ತು ಹೇಳಿಯೇ ಬಿಡುತ್ತೇನೆಂದು. ಅಪ್ಪ ನನ್ನ ಕೈ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಮುಖದ ಮೇಲಿನ ಹೊದಿಕೆ ಸರಿಸಿ, ಅವಳನ್ನು ನೇರವಾಗಿ ನೋಡಿದ.

"ನಿದ್ದೆ ಚೆಂದಾಗಾಯ್ತಾ ಅಣ್ಣ?"

"ಆಯ್ತು ಕಣವ್ವ," ಅಂದ ಅಪ್ಪ.